ಇ-ಮೇಲ್ ಕೆಟ್ಟರೆ ಕನ್ನಡವನ್ನೇಕೆ ಬೈಯುತ್ತೀರಿ?

ಕನ್ನಡದ ಯುವಕರೇ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೂತಿರುವ ನಿಮ್ಮನ್ನೇ ಕೇಳುತ್ತಿದ್ದೇನೆ! ಈಮ್ಯಾಕ್ಸ್ ಎಂಬ ಎಡಿಟರ್‌ನೊಳಗೇ ಗ್ನೂಸ್, ಮ್ಯೂ-ಫೋರ್-ಇ ಕೂರಿಸಿಕೊಂಡು ಇ-ಮೇಲ್ ಓದುವ ಜಾಣರು ನೀವು. ಕನ್ನಡದ ಪತ್ರ ಒಂದೇ ಒಂದು ಸಲ ಚೌಕ ಚೌಕವಾಗಿ ಕಂಡರೆ ಸಾಕು, ‘ಇದರಲ್ಲಿ ಕನ್ನಡ ಬರಲ್ಲ ಸಾರ್, ಇಂಗ್ಲಿಷಲ್ಲೇ ಕಳಿಸಿ’ ಎನ್ನುತ್ತೀರಿ. ಲಗ್ನಪತ್ರಿಕೆಯ ಒಕ್ಕಣೆಯನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತೀರಿ. ಇದೆಂಥ ಸೋಲು? ಯಾರೂ ಹೊಡೆಯದೆ ನೀವೇ ಬಿದ್ದಿರಲ್ಲ!

ಕೆಟ್ಟಿದ್ದು ಯಾವುದು ಅಂತ ನೋಡಿದಿರಾ? ಪಾಸ್‌ವರ್ಡ್ ತಪ್ಪು ಎಂದು ಪತ್ರ ಹೋಗುವುದೇ ಇಲ್ಲವೇ? ಹಾಗಾದರೆ ಇಂಗ್ಲಿಷ್ ಪತ್ರವೂ ಹೋಗುವುದಿಲ್ಲ, ಪರೀಕ್ಷಿಸಿ. ಜಿಮೇಲ್‌ನವರು 2022ರ ಮೇ ಕೊನೆಯಲ್ಲಿ ಖಾಸಗಿ ಖಾತೆಗಳಿಗೆ ಬರಿಯ ಪಾಸ್‌ವರ್ಡಿನ ಬಾಗಿಲು ಮುಚ್ಚಿದರು. ಎರಡು ಹಂತದ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆಯಿರಿ, ಆಥ್-ಇನ್ಫೋ ಫೈಲಿನಲ್ಲಿ ಬರೆಯಿರಿ. ಅಲ್ಲಿ ಬರೆದ ಸರ್ವರ್ ಹೆಸರು ಸೆಟ್ಟಿಂಗಿನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಪೋರ್ಟ್ 587 ಆದರೆ ಸ್ಟಾರ್ಟ್-ಟಿಎಲ್‌ಎಸ್. ಇದರಲ್ಲಿ ಕನ್ನಡದ ತಪ್ಪೆಲ್ಲಿದೆ ಸ್ವಾಮಿ?

ಇನ್ನು ಚೌಕದ ಮಾತು. ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಆಮೇಲೆ = ಒತ್ತಿ. ಅಕ್ಷರದ ಜಾತಕವೇ ಬಿಚ್ಚಿಕೊಳ್ಳುತ್ತದೆ. ಹೆಸರಿನಲ್ಲಿ ‘ಕನ್ನಡ ಲೆಟರ್’ ಎಂದಿದ್ದರೆ ಪತ್ರ ಕ್ಷೇಮ, ಫಾಂಟ್ ಇಲ್ಲ ಅಷ್ಟೇ. ಕೇಸಿನಲ್ಲಿ ಒಂದು ಮೊಳೆ ಇಲ್ಲದಿದ್ದರೆ ಹಿಂದಿನ ಯಾವ ಕಂಪೋಸಿಟರೂ ಭಾಷೆಯನ್ನು ಬೈಯುತ್ತಿರಲಿಲ್ಲ, ಮೊಳೆ ತರಿಸುತ್ತಿದ್ದ. ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದಿದ್ದರೆ ನಿಮ್ಮ ಈಮ್ಯಾಕ್ಸ್ ಹಳತೇ ನೋಡಿ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಅಕ್ಷರ ಕೂಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಬಂದಿದೆ.

ಪತ್ರದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿಯೇ? ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಬರಹ ಇರಬೇಕು (ಡಿಟಿಪಿ ಅಂಗಡಿಗಳಲ್ಲಿ ಅದಿನ್ನೂ ಸತ್ತಿಲ್ಲ), ಕನ್ವರ್ಟರಿಗೆ ಹಾಕಿ. ಬರಿಯ ಪ್ರಶ್ನೆಚಿಹ್ನೆಗಳ ಸಾಲು ಬಂದಿದ್ದರೆ ಅಕ್ಷರ ದಾರಿಯಲ್ಲೇ ಹಾಳಾಗಿದೆ. ಯುಟಿಎಫ್-8ರಲ್ಲಿ ಮತ್ತೆ ಕಳಿಸಲು ಹೇಳಿ. ಕನ್ನಡದಲ್ಲೇ ಕಳಿಸಲು ಹೇಳಿ!

ಕಂಟ್ರೋಲ್-ಎಚ್ ಒತ್ತಿ, ಮತ್ತೆ ಎಚ್ ಒತ್ತಿ. ಲೋಕದ ಭಾಷೆಗಳ ಸಾಲಿನಲ್ಲಿ ನಮ್ಮ ‘ನಮಸ್ಕಾರ’ವೂ ಇದೆ. ಅಮೆರಿಕದಲ್ಲಿ ಹುಟ್ಟಿದ ತಂತ್ರಾಂಶ ಕನ್ನಡಕ್ಕೆ ಜಾಗ ಕೊಟ್ಟಿದೆ, ಬೆಂಗಳೂರಿನಲ್ಲಿ ಕೂತ ನೀವು ಕೊಡುವುದಿಲ್ಲವೇ? ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ, ಕನ್ನಡ-ಐಟ್ರಾನ್ಸ್ ಆರಿಸಿ, ಇವತ್ತಿನ ಮೊದಲ ಪತ್ರವನ್ನು ಕನ್ನಡದಲ್ಲಿ ಬರೆಯಿರಿ.