ತೊಟ್ಟಿಲ ಬಣ್ಣ, ಕೂಸಿನ ಮಾತು

“ಹಡೆದವ್ವನ ಬಗ್ಗೆ ಮಗಳು ಹಿಂಗ ಬರೀಬಾರದಿತ್ತು ನೋಡ್ರಿ” ಎಂದರು ಕಲಘಟಗಿಯ ಗೆಳೆಯರು. ಹಾಲಿವುಡ್ ತಾರೆ ಮಾರ್ಲೀನ್ ಡೀಟ್ರಿಚ್ ಜೀವನಚರಿತ್ರೆಯನ್ನು ಮಗಳು ಮರಿಯಾ ರಿವಾ ಬರೆದದ್ದು ಅವರ ಕಣ್ಣಿಗೆ ದ್ರೋಹ. ನಾನು ಒಪ್ಪುವುದಿಲ್ಲ.

1992ರಲ್ಲಿ ತಾಯಿ ತೀರಿದ ಮೇಲೆ ಪುಸ್ತಕ ಬಂತು. ಉತ್ತರಿಸಲು ಆಕೆ ಇರಲಿಲ್ಲ, ನಿಜ. ಆದರೆ ಬದುಕಿದ್ದಷ್ಟು ಕಾಲ ತಾರೆಯ ಮಾತೇ ನಡೆದಿತ್ತಲ್ಲ? ಸ್ಟುಡಿಯೊದಲ್ಲಿ ತಾಯಿಯ ಸೇವೆಗೆ ನಿಂತು ಬೆಳೆದ ಹುಡುಗಿಯನ್ನು ಆಗ ಯಾರು ಕೇಳಿದ್ದರು?

ನಮಗೆ ಹತ್ತಿರದ ಅದರಗುಂಚಿಯಲ್ಲಿ ಹುಟ್ಟಿ, 1939ರ ‘ಮಾಣೂಸ್’ ಚಿತ್ರದಿಂದ ಹೆಸರಾದ ಶಾಂತಾ ಹುಬ್ಳೀಕರ್ ತಮ್ಮ ನೋವನ್ನು ತಾವೇ ಬರೆದರೆ ಅದು ದಿಟ್ಟತನ. ಮಗಳು ತನ್ನ ನೋವು ಬರೆದರೆ ಮಾತ್ರ ದ್ರೋಹವೇ?

ಕಲಘಟಗಿ ತೊಟ್ಟಿಲಿನ ಬಣ್ಣಕ್ಕೆ ನಾಡೆಲ್ಲ ಮರುಳು. ಒಳಗೆ ಮಲಗಿದ ಕೂಸಿಗೆ ಏನು ಚುಚ್ಚುತ್ತಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ, ಕೂಸೇ ಹೇಳಬೇಕು.