ಎರಡನೇ ಫೋಟೊಗೆ ಕಾಯುವ ಕೂಲಿ

ಕೆರೆ ಅಂಗಳದಲ್ಲಿ ಮಧ್ಯಾಹ್ನ ಹನ್ನೆರಡರ ಬಿಸಿಲು. ಅಂದಿನ ಹೂಳೆತ್ತುವ ಕೆಲಸ ಹತ್ತೂವರೆಗೇ ಮುಗಿದಿತ್ತು. ಸಲಿಕೆ, ಬುಟ್ಟಿ ಬದಿಗಿಟ್ಟು ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಜಾಲಿ ಗಿಡದ ನೆರಳಲ್ಲಿ ಕೂತಿದ್ದರು. 'ಯಾಕಕ್ಕಾ, ಮನೆಗೆ ಹೋಗಲಿಲ್ವಾ?' ಎಂದು ಕೇಳಿದೆವು.

'ಕೆಲಸ ಮುಗದೈತಿ ತಮ್ಮಾ. ಎರಡನೇ ಫೋಟೊ ಆಗಿಲ್ಲ. ಈಗ ಎದ್ದು ಹೋದ್ರ ಇವತ್ತಿನ ಪಗಾರ ಹೋಗತೈತಿ.'

ಅವರು ಬಂದದ್ದು ಬೆಳಿಗ್ಗೆ ಆರಕ್ಕೆ. ನೆಟ್‌ವರ್ಕ್ ಸಿಕ್ಕಿ, ಕಾಯಕ ಬಂಧುವಿನ ಮೊಬೈಲಿನಲ್ಲಿ ಆ್ಯಪ್ ತೆರೆದಾಗ ಎಂಟೂವರೆ. ಮೊದಲ ಫೋಟೊ ಆಗಿ ನಾಲ್ಕು ಗಂಟೆ ಕಳೆಯಬೇಕು, ಆಮೇಲೆ ಎರಡನೆಯದು. ಹಾಗಾಗಿ ಮಣ್ಣು ಹೊತ್ತವರು ಮೊಬೈಲಿಗಾಗಿ ಕಾಯುತ್ತಿದ್ದರು.

ಈ ಹಾಜರಿ ಆ್ಯಪ್ ಹೆಸರು ಎನ್‌ಎಂಎಂಎಸ್. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನು ತಂದದ್ದು 2021ರಲ್ಲಿ. ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದ ಉದ್ಯೋಗ ಖಾತ್ರಿ ಕೆಲಸಗಳಿಗೆಲ್ಲ 2023ರ ಜನವರಿ 1ರಿಂದ ಕಡ್ಡಾಯ. ದಿನಕ್ಕೆ ಎರಡು ಸಲ, ಕೆಲಸದ ಜಾಗದಲ್ಲೇ ಫೋಟೊ ತೆಗೆದು ಏರಿಸಬೇಕು.

ಉದ್ದೇಶ ತಪ್ಪಲ್ಲ. ರಾತ್ರಿ ಜೆಸಿಬಿ ಓಡಿಸಿ, ಬೆಳಿಗ್ಗೆ ಕೂಲಿಕಾರರ ಹೆಸರಲ್ಲಿ ಎನ್‌ಎಂಆರ್ ತುಂಬಿದ ಸುದ್ದಿಗಳನ್ನು ನಾವೇ ಬರೆದಿದ್ದೇವೆ. ತಡೆ ಬೇಕೇ ಬೇಕು. ಆದರೆ ಆ್ಯಪ್ ತಡೆಯಿತೇ? 2025ರ ಜುಲೈ 8ರಂದು ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರ ಓದಿ. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊ, ಫೋಟೊದ ಮೇಲೆ ತೆಗೆದ ಫೋಟೊ, ಹಾಜರಿಯಲ್ಲಿ ಇರುವಷ್ಟು ಜನ ಫೋಟೊದಲ್ಲಿ ಇಲ್ಲದಿರುವುದು, ಮಧ್ಯಾಹ್ನದ ಫೋಟೊವೇ ಇಲ್ಲದಿರುವುದು, ಹೀಗೆ ಅಕ್ರಮಗಳ ಪಟ್ಟಿಯೇ ಅಲ್ಲಿದೆ. ಇನ್ನು ಮುಂದೆ ಗ್ರಾಮ ಪಂಚಾಯಿತಿಯಲ್ಲಿ ಎಲ್ಲ ಫೋಟೊಗಳನ್ನೂ ಪರಿಶೀಲಿಸಿ ಎಂದು ಸೂಚಿಸಿದ್ದಾರೆ. ಕಳ್ಳ ದಾರಿ ಹುಡುಕಿಕೊಂಡ. ಬಿಸಿಲಲ್ಲಿ ಕೂತದ್ದು ಮಾತ್ರ ದುಡಿದವಳು.

ಇನ್ನೊಂದು ಮಾತು. ನರೇಗಾದಲ್ಲಿ ಕೂಲಿ ನಿಗದಿಯಾಗುವುದು ಕೆಲಸದ ಅಳತೆಯ ಮೇಲೆ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಎಂಜಿನಿಯರ್ ಟೇಪ್ ಹಿಡಿದು ಬರೆಯಬೇಕು. ಫೋಟೊದಲ್ಲಿ ಕಾಣುವುದು ಯಾರು ನಿಂತಿದ್ದಾರೆ ಎಂಬುದಷ್ಟೇ. ಯಾರು ಅಗೆದರು, ಎಷ್ಟು ಅಗೆದರು ಎಂಬುದು ಅದರಲ್ಲಿ ಕಾಣುವುದಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ದಿನಗೂಲಿ 370 ರೂಪಾಯಿ ಆಗಿತ್ತು. ಆರು ದಿನಕ್ಕೆ 2,220. ಎನ್‌ಎಂಆರ್ ಮುಗಿದ 15 ದಿನದೊಳಗೆ ಕೂಲಿ ಖಾತೆಗೆ ಬರಬೇಕು ಎಂದು ಕಾನೂನು ಹೇಳುತ್ತದೆ. ತಡವಾದರೆ ಪರಿಹಾರ ದಿನಕ್ಕೆ ಶೇ 0.05. ಅಂದರೆ 2,220 ರೂಪಾಯಿಗೆ ದಿನಕ್ಕೆ 1 ರೂಪಾಯಿ 11 ಪೈಸೆ. ಹತ್ತು ದಿನ ತಡವಾದರೆ ಹನ್ನೊಂದು ರೂಪಾಯಿ. ಒಂದು ಫೋಟೊ ತಪ್ಪಿದರೆ ಕೂಲಿಕಾರಳಿಗೆ 370ರ ಪೆಟ್ಟು. ಹತ್ತು ದಿನ ತಪ್ಪಿದರೂ ಸರ್ಕಾರಕ್ಕೆ ಒಂದು ಚಹಾದ ಖರ್ಚು. ತಡ ಮಾಡಿದ ಫೈಲಿಗೆ ದಿನಕ್ಕೆ ಎರಡು ಸಲ ಫೋಟೊ ತೆಗೆಯುವ ಆ್ಯಪ್ ಮಾತ್ರ ಇನ್ನೂ ಬಂದಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಕೆರೆಯಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ತಲೆ ಮೇಲೆ ಬುಟ್ಟಿ ಇಡಿಸಿ, 'ಸ್ವಲ್ಪ ನಗ್ರಿ' ಎಂದು ಫೋಟೊ ತೆಗೆದಿದ್ದೆವು. ಚೆನ್ನಾಗಿ ಬಂದಿತ್ತು, ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿದರು. ಅವರಿಗೆ ಎರಡು ತಿಂಗಳಿಂದ ಪಗಾರ ಆಗಿರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ನಾವು ಕೇಳಿಯೇ ಇರಲಿಲ್ಲ. ನಮ್ಮ ಕ್ಯಾಮೆರಾಕ್ಕೂ ಆ ಆ್ಯಪ್‌ಗೂ ಅಂದು ವ್ಯತ್ಯಾಸವಿರಲಿಲ್ಲ.

ಬೇರೆ ಥರದ ಫೋಟೊಗಳೂ ಇವೆ. ಪಿ. ಸಾಯಿನಾಥ್ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ದುಡಿಯುವ ಹಳ್ಳಿ ಹೆಂಗಸರ ಫೋಟೊ ತೆಗೆದರು. ಕೆಲಸ ಕಣ್ಣಿಗೆ ಕಾಣುತ್ತದೆ, ಅದನ್ನು ಮಾಡುವ ಹೆಣ್ಣು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೇ ಆ ಪ್ರದರ್ಶನದ ಹೆಸರಿನ ಅರ್ಥ. ಅಲ್ಲಿ ಫೋಟೊ ಹೆಂಗಸರ ಪರವಾಗಿ ಸಾಕ್ಷಿ ಹೇಳುತ್ತದೆ. ಆ್ಯಪ್‌ನ ಫೋಟೊ ಅವರ ಮೇಲೆ ಅನುಮಾನಪಟ್ಟು ಸಾಕ್ಷಿ ಕೇಳುತ್ತದೆ.

ಏನು ಮಾಡಬಹುದು? ಆ್ಯಪ್‌ಗೆ ಏರಿಸಿದ ಫೋಟೊಗಳನ್ನು ನರೇಗಾ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮೂರಿನ ಫೋಟೊ ತೆರೆದು ಅಲ್ಲಿ ನಿಮ್ಮೂರಿನವರೇ ಇದ್ದಾರಾ ನೋಡಿ. ದೂರದ ಅಧಿಕಾರಿಗೆ ಗುರುತು ಸಿಗದ ಮುಖ ನಿಮಗೆ ಒಂದೇ ನೋಟಕ್ಕೆ ಸಿಗುತ್ತದೆ. ಕೆಲಸ ಕೇಳಿ ಅರ್ಜಿ ಕೊಟ್ಟಾಗ ರಸೀದಿ ಬಿಡಬೇಡಿ. ಮಾಡಿದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಾಮಾಜಿಕ ಪರಿಶೋಧನೆ ಮಾಡುವ ಅಧಿಕಾರ ಗ್ರಾಮಸಭೆಗಿದೆ. ಆ ದಿನ ಎನ್‌ಎಂಆರ್‌ನ ಹೆಸರುಗಳನ್ನು ಗಟ್ಟಿಯಾಗಿ ಓದಿಸಿ. ಹಾಗೆ ಓದಿದರೆ ಸುಳ್ಳು ಹೆಸರು ಸಭೆಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ನೆಟ್‌ವರ್ಕೂ ಬೇಡ.

ಅಂದು ಹನ್ನೆರಡೂವರೆಗೆ ಫೋಟೊ ಆಯಿತು. ಹೆಂಗಸರು ಸೆರಗು ಕೊಡವಿ ಎದ್ದರು. ಮನೆಯಲ್ಲಿ ಇನ್ನೂ ಒಲೆ ಹಚ್ಚಬೇಕಿತ್ತು. ಈ ಸಲ ನಾವು ಫೋಟೊ ತೆಗೆಯಲಿಲ್ಲ. ಹೋದ ತಿಂಗಳ ಪಗಾರ ಆಯ್ತಾ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆವು.