ನಗಿಸುವ ಸೀರಿಯಲ್ಲುಗಳು ಎಲ್ಲಿ ಹೋದವು ಸ್ವಾಮೀ?



ಸಂಜೆ ಕೆಲಸ ಮುಗಿಸಿ, ಟ್ಯೂಬಿನಲ್ಲಿ ನೇತಾಡಿಕೊಂಡು ಮನೆ ಸೇರಿ, ಒಂದು ಲೋಟ ಕಾಫಿ ಹಿಡಿದು ಕನ್ನಡ ಚಾನೆಲ್ ಹಾಕಿದರೆ ಏನು ಕಾಣುತ್ತದೆ ಹೇಳಿ? ಒಂದು ಕಡೆ ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿರುತ್ತಾಳೆ. ಕ್ಯಾಮೆರಾ ಅವಳ ಮುಖದ ಮೇಲೆ ಮೂರು ಸಲ ಹೋಗಿ ಬರುತ್ತದೆ, ಹಿಂದೆ ಗುಡುಗಿನ ಸದ್ದು ಬೇರೆ! ಇನ್ನೊಂದು ಚಾನೆಲ್ಲಿಗೆ ಹೋದರೆ ಗಂಡಸೊಬ್ಬ ಸೀರೆ ಉಟ್ಟು ಕುಣಿಯುತ್ತಿರುತ್ತಾನೆ, ಜಡ್ಜುಗಳು ಬಿದ್ದು ಬಿದ್ದು ನಗುತ್ತಿರುತ್ತಾರೆ. ಮನೆಮಂದಿಯೆಲ್ಲ ಕೂತು ಅರ್ಧ ಗಂಟೆ ಹಾಯಾಗಿ ನಗುವಂಥ ಹಾಸ್ಯ ಧಾರಾವಾಹಿ, ಇಲ್ಲಿಯವರು ಸಿಟ್‌ಕಾಮ್ ಅನ್ನುತ್ತಾರಲ್ಲ, ಅದು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

"ಅಯ್ಯೋ, ವಯಸ್ಸಾದವರಿಗೆ ಹಳೇದೆಲ್ಲ ಚಿನ್ನವೇ ಬಿಡಿ" ಎಂದು ಕೆಲವರು ಹೇಳಬಹುದು. ಸರಿ, ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. 1980ರ ದಶಕದಲ್ಲಿ ಬೆಂಗಳೂರು ದೂರದರ್ಶನದಲ್ಲಿ 'ಸಿಹಿಕಹಿ' ಬಂತು. ಚಂದ್ರು ಮತ್ತು ಗೀತಾ ದಂಪತಿಗೆ ಆ ಸೀರಿಯಲ್ಲಿನ ಹೆಸರೇ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿತು. ಅದೇ ದಶಕದಲ್ಲಿ ರಮೇಶ್ ಭಟ್ ಅವರನ್ನು ಮನೆಮಾತಾಗಿಸಿದ 'ಕ್ರೇಜಿ ಕರ್ನಲ್' ಬಂತು. 2000ದ ಡಿಸೆಂಬರಿನಲ್ಲಿ ಈಟೀವಿ ಕನ್ನಡ ಶುರುವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಒಂದೇ ಚಾನೆಲ್ಲಿನಲ್ಲಿ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ಫಣಿ ರಾಮಚಂದ್ರ ಅವರ 'ದಂಡಪಿಂಡಗಳು', ವಿಜಯ ಪ್ರಸಾದ್ ಅವರ 'ಸಿಲ್ಲಿ ಲಲ್ಲಿ' ಬಂದವು. ಈಟೀವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಈಗ ಇಷ್ಟೊಂದು ಚಾನೆಲ್ಲುಗಳಿವೆ. ಈ ಮೂರರ ಪಕ್ಕದಲ್ಲಿ ಕೂರಿಸಬಹುದಾದ ಒಂದು ಹೊಸ ಹೆಸರು ಹೇಳಿ ನೋಡೋಣ!

ಹಾಗಂತ ಅವು ಅಮರ ಕೃತಿಗಳೇನೂ ಆಗಿರಲಿಲ್ಲ. ಬಣ್ಣ ಜಾಸ್ತಿ, ಕೂಗಾಟ ಜಾಸ್ತಿ. ಹೆಂಡತಿ ಗಂಡನಿಗೆ ಬಾರಿಸುವ ತಮಾಷೆ ನೂರನೇ ಸಲಕ್ಕೆ ಬೇಸರವೂ ಬರುತ್ತಿತ್ತು. ಆದರೆ ಅವುಗಳಲ್ಲಿ ಮನುಷ್ಯರಿದ್ದರು. ಚಿದಾನಂದ್ ಅವರ ಪಾಂಡು ಇಂಥ ಪೇಚಿಗೆ ಸಿಕ್ಕರೆ ಹೀಗೇ ತೊದಲುತ್ತಾನೆ, ಶಾಲಿನಿಯವರ ಶ್ರೀಮತಿ ಹೀಗೇ ಗದರುತ್ತಾಳೆ ಎಂದು ನಮಗೆ ಮೊದಲೇ ಗೊತ್ತಿರುತ್ತಿತ್ತು. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಬಾಯಿ ತೆರೆಯುವ ಮುಂಚೆಯೇ ನಗು ಬರುತ್ತಿತ್ತು. 'ಸಮಾಜ ಸೇವಕಿ' ಲಲಿತಾಂಬ ಅಂಥವರು ನಮ್ಮ ಬಡಾವಣೆಯಲ್ಲೇ ಒಬ್ಬರಿದ್ದರಲ್ಲ ಅನಿಸುತ್ತಿತ್ತು. ಗೊತ್ತಿರುವ ಮನುಷ್ಯ ಗೊತ್ತಿರುವ ತಪ್ಪನ್ನೇ ಮತ್ತೆ ಮಾಡುವುದನ್ನು ನೋಡುವ ಖುಷಿಯೇ ಸಿಟ್‌ಕಾಮಿನ ಬಂಡವಾಳ.

ಹಾಗಾದರೆ ಕೆಟ್ಟಿದ್ದೆಲ್ಲಿ? ದಿನಾ ಒಂದು ಕಂತು ಬೇಕಾದರೆ ಗುಣಮಟ್ಟ ಎಲ್ಲಿಂದ ಬರಬೇಕು ಎಂಬುದು ಸಾಮಾನ್ಯ ಉತ್ತರ. ಅದರಲ್ಲಿ ನಿಜವಿದೆ. ಇಲ್ಲಿಯ 'ಫಾಲ್ಟಿ ಟವರ್ಸ್' ಬಂದಿದ್ದು ಬರೀ 12 ಕಂತು: 1975ರಲ್ಲಿ ಆರು, 1979ರಲ್ಲಿ ಆರು. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಇಬ್ಬರೇ. ವಾರಕ್ಕೆ ಐದು ಅಂದರೆ ವರ್ಷಕ್ಕೆ 260 ಕಂತು ಬರೆಯುವವನ ಕಷ್ಟ ದೇವರಿಗೇ ಪ್ರೀತಿ! ಆದರೆ ಪಾಂಡುವೂ ದಿನಾ ಬರುತ್ತಿದ್ದನಲ್ಲ? ಆದ್ದರಿಂದ ಇದೊಂದೇ ಕಾರಣ ಆಗಲಾರದು.

ನನ್ನ ಪ್ರಕಾರ ದೊಡ್ಡ ಕಾರಣ ಟಿಆರ್‌ಪಿಯ ಲೆಕ್ಕಾಚಾರ. ಸಿಟ್‌ಕಾಮಿನ ಕಂತು ಆವತ್ತಿಗೆ ಆವತ್ತೇ ಮುಗಿಯುತ್ತದೆ. ಪಾಂಡು ಸಿಕ್ಕಿಬಿದ್ದ, ಏಟು ತಿಂದ, ಶುಭಂ. ನಾಳೆ ನೋಡದಿದ್ದರೂ ನಷ್ಟವಿಲ್ಲ. ಮೆಗಾ ಸೀರಿಯಲ್ ಹಾಗಲ್ಲ. ಹಾಲಿಗೆ ವಿಷ ಬಿತ್ತು, ಕುಡಿದವರು ಯಾರು ಅನ್ನುವುದು ನಾಳೆ. ಜಾಹೀರಾತಿನವರಿಗೆ ಬೇಕಾದ್ದು ನಾಳೆಯೂ ಬಂದು ಕೂರುವ ವೀಕ್ಷಕ. ಹಾಗಾಗಿ ವಾರದ ಸಂಜೆಗಳೆಲ್ಲ ಕಣ್ಣೀರಿನ ಪಾಲಾದವು. ಹಾಸ್ಯ ವಾರಾಂತ್ಯದ ಸ್ಟೇಜ್ ಶೋಗಳಿಗೆ ಹೋಯಿತು.

ಆ ಸ್ಟೇಜಿನ ಮೇಲೆ ಒಂದು ಸ್ಕಿಟ್ಟಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಒಬ್ಬ ಮನುಷ್ಯನ ಪರಿಚಯ ಆಗುವುದಿಲ್ಲ. ಆದರೆ ಕೂಡಲೇ ನಗು ಬರಲೇಬೇಕು! ಆಗ ಕೈಗೆ ಸುಲಭವಾಗಿ ಸಿಗುವುದು ಮೈ. ದಪ್ಪಗಿರುವವರು, ಕಪ್ಪಗಿರುವವರು, ತೊದಲುವವರು, ಹೆಣ್ಣುವೇಷ ಹಾಕಿದ ಗಂಡಸು. ನ್ಯಾಯವಾಗಿ ಹೇಳಬೇಕೆಂದರೆ, 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಸಣ್ಣ ಊರುಗಳ ಎಷ್ಟೋ ಪ್ರತಿಭೆಗಳಿಗೆ ವೇದಿಕೆ ಕೊಟ್ಟಿತು. ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್'ನಲ್ಲಿ ಅಪರ್ಣಾ ಅವರ ವರಲಕ್ಷ್ಮಿಯನ್ನು ಮರೆಯುವುದುಂಟೇ? ಅಚ್ಚ ಕನ್ನಡದ ನಿರೂಪಣೆಗೆ ಹೆಸರಾಗಿದ್ದ ಅಪರ್ಣಾ 2024ರ ಜುಲೈನಲ್ಲಿ ನಮ್ಮನ್ನಗಲಿದಾಗ ಎಷ್ಟೋ ಜನರಿಗೆ ಮೊದಲು ನೆನಪಾದದ್ದು ಆ ವರಲಕ್ಷ್ಮಿಯೇ ಇರಬೇಕು. ಆ ಪಾತ್ರ ಗೆದ್ದದ್ದು ಯಾಕೆ? ವಾರ ವಾರ ಬಂದು, ತನ್ನದೇ ಮಾತಿನ ಧಾಟಿಯಲ್ಲಿ ನಮಗೆ ಪರಿಚಯವಾದದ್ದರಿಂದ. ಅಂದರೆ ಸ್ಟೇಜ್ ಶೋ ನಿಜವಾಗಿ ನಗಿಸಿದ್ದು ಸಿಟ್‌ಕಾಮಿನ ದಾರಿ ಹಿಡಿದಾಗಲೇ!

ಮೈ ನೋಡಿ, ಉಚ್ಚಾರಣೆ ಕೇಳಿ ನಗುವುದು ಎಂದರೆ ಏನು ಅಂತ ಲಂಡನ್ನಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1977ರಲ್ಲಿ ಇಲ್ಲಿಯ ಐಟಿವಿಯಲ್ಲಿ 'ಮೈಂಡ್ ಯುವರ್ ಲ್ಯಾಂಗ್ವೇಜ್' ಬಂತು. ಲಂಡನ್ನಿನ ಸಂಜೆ ತರಗತಿಯಲ್ಲಿ ಇಂಗ್ಲಿಷ್ ಕಲಿಯಲು ಬಂದ ಪರದೇಶಿಗಳ ಕಥೆ. ಪೇಟದ ಸಿಖ್ಖ, ಹೆಣೆಯುತ್ತ ಕೂರುವ ಸೀರೆಯ ಹೆಂಗಸು, ಎಲ್ಲರೂ ತಪ್ಪು ಇಂಗ್ಲಿಷ್ ಆಡಿ ನಗಿಸಬೇಕು. ಜನ ನೋಡುತ್ತಿದ್ದರೂ, ಅದು ಪರದೇಶಿಗಳನ್ನು ಹೀಗಳೆಯುತ್ತದೆ ಎಂಬ ಆಕ್ಷೇಪದಿಂದ 1979ರಲ್ಲಿ ಅದನ್ನು ನಿಲ್ಲಿಸಿದರು. 1998ರಲ್ಲಿ ಬಿಬಿಸಿ ಟೀವಿಗೆ 'ಗುಡ್‌ನೆಸ್ ಗ್ರೇಷಿಯಸ್ ಮಿ' ಬಂದಾಗ ಆಟವೇ ತಿರುಗಿತು. ಬಾಂಬೆಯ ಗೆಳೆಯರು ಇಂಗ್ಲಿಷ್ ಹೋಟೆಲಿಗೆ ಹೋಗಿ ಅತ್ಯಂತ ಸಪ್ಪೆ ಊಟ ಯಾವುದಿದೆ ಎಂದು ಕೇಳುವ ದೃಶ್ಯ ಯಾರಿಗೆ ನೆನಪಿಲ್ಲ? ಆಮೇಲೆ 2001ರಲ್ಲಿ 'ದ ಕುಮಾರ್ಸ್ ಅಟ್ ನಂಬರ್ 42' ನಮ್ಮ ವೆಂಬ್ಲಿಯ ಒಂದು ಮನೆಯನ್ನೇ ದೇಶಕ್ಕೆಲ್ಲ ತೋರಿಸಿತು. ಮೀರಾ ಸ್ಯಾಲ್ ಅವರ ಅಜ್ಜಿಯನ್ನು ನೋಡಿ ನಾವೂ ನಕ್ಕೆವು, ಪಕ್ಕದ ಮನೆಯ ಬಿಳಿಯರೂ ನಕ್ಕರು. ಯಾರಿಗೂ ನೋವಾಗಲಿಲ್ಲ. ಇಲ್ಲಿ ದಾಟಿ ಬಂದ ಹಳ್ಳಕ್ಕೆ ನಮ್ಮ ಕನ್ನಡ ಚಾನೆಲ್ಲುಗಳು ಈಗ ಇಳಿಯುತ್ತಿವೆಯಲ್ಲ ಎಂಬುದೇ ನನ್ನ ಸಂಕಟ.

ಬರೀ ಟೀವಿ ತಾನೇ, ಬೇಡವಾದರೆ ಆಫ್ ಮಾಡಿ ಅನ್ನಬೇಡಿ. ಊರಲ್ಲಿರುವವರಿಗೆ ಅದು ಬರೀ ಟೀವಿ. ಅವರ ಮಕ್ಕಳಿಗೆ ಕನ್ನಡ ಬೀದಿಯಲ್ಲೇ ಸಿಗುತ್ತದೆ. ಹ್ಯಾರೋದಲ್ಲೋ ಕ್ರಾಯ್ಡನ್‌ನಲ್ಲೋ ಬೆಳೆಯುವ ಮಗುವಿಗೆ ಸಿಗುವ ಕನ್ನಡ ಎಷ್ಟು? "ಊಟ ಮಾಡು", "ಶೂ ಬಿಚ್ಚು", "ಹೋಂವರ್ಕ್ ಆಯ್ತಾ" ಇಷ್ಟೇ. ಕನ್ನಡ ಶಾಲೆಯಲ್ಲಿ ಅಆಇಈ ಕಲಿಯುತ್ತದೆ, ಸಂತೋಷ. ಆದರೆ ಗಂಡ ಹೆಂಡತಿಯನ್ನು ರೇಗಿಸುವುದು ಹೇಗೆ, ಹಿರಿಯರಿಗೆ ಮರ್ಯಾದೆ ತಪ್ಪದ ಹಾಗೆ ಎದುರು ಮಾತಾಡುವುದು ಹೇಗೆ, "ಹೋಗ್ರೀ" ಅನ್ನುವುದರಲ್ಲಿ ಸಿಟ್ಟೆಷ್ಟು ಸಲಿಗೆಯೆಷ್ಟು, ಇದನ್ನು ಯಾವ ಪುಸ್ತಕವೂ ಕಲಿಸದು. ನಾಲ್ಕು ಜನ ಕೂತು ತಮಾಷೆ ಮಾಡುವುದನ್ನು ಕೇಳಿಯೇ ಬರಬೇಕು. ಸಿಟ್‌ಕಾಮ್ ಆ ಕೆಲಸ ಮಾಡುತ್ತಿತ್ತು. ಈಗಿನ ಸೀರಿಯಲ್ ನೋಡಿ ಕಲಿತರೆ ನಮ್ಮ ಮಕ್ಕಳಿಗೆ ಬರುವುದು ಶಪಥ ಮಾಡುವ ಕನ್ನಡ, ಸಂಚು ಹೂಡುವ ಕನ್ನಡ! ಒಂದು ಭಾಷೆಯಲ್ಲಿ ನಗಲು ಬಾರದ ಮಗು ಆ ಭಾಷೆಯನ್ನು ತನ್ನದು ಅಂದುಕೊಳ್ಳುವುದು ಕಷ್ಟ.

ಇಂಥದ್ದನ್ನು ಈಗ ಯಾರು ನೋಡುತ್ತಾರೆ ಅನ್ನುವವರಿಗೆ ಒಂದು ಮಾತು. 1996ರ ಕ್ರಿಸ್ಮಸ್ ಹೊತ್ತಿನಲ್ಲಿ ಪೆಕಮ್ಮಿನ ಡೆಲ್ ಬಾಯ್ ಕಥೆ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ನೋಡಿದವರು 2 ಕೋಟಿ 43 ಲಕ್ಷ. ಅದು ಹಳೆಯ ಕಾಲ ಅನ್ನಿ. 2024ರ ಕ್ರಿಸ್ಮಸ್ ದಿನ 'ಗ್ಯಾವಿನ್ ಅಂಡ್ ಸ್ಟೇಸಿ'ಯ ಕೊನೆಯ ಕಂತನ್ನು ಅದೇ ರಾತ್ರಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ! ಕನ್ನಡದಲ್ಲೂ 2018ರಲ್ಲಿ ಕಲರ್ಸ್ ಸೂಪರ್ ಚಾನೆಲ್ಲಿನಲ್ಲಿ ಪಾಂಡು ಮತ್ತೆ ಬಂದ. ಹಳೆಯ ಹೆಸರಿಗೇ ಮತ್ತೆ ಕೈ ಹಾಕುತ್ತಾರೆ ಅಂದರೆ ಬೇಡಿಕೆ ಇದೆ ಎಂದು ಅವರಿಗೂ ಗೊತ್ತು. ಹೊಸದನ್ನು ಬರೆಸುವ ಧೈರ್ಯ ಮಾತ್ರ ಇಲ್ಲ.

ನಾವು ಏನು ಮಾಡಬಹುದು? ಚಾನೆಲ್ಲಿನವರಿಗೆ ಬರೆಯಬಹುದು, ಆದರೆ ಅವರ ಟಿಆರ್‌ಪಿ ಎಣಿಸುವುದು ಭಾರತದ ಮನೆಗಳನ್ನು. ನಾವು ಆ ಲೆಕ್ಕಕ್ಕೇ ಇಲ್ಲ. ಅದಕ್ಕೆ ನನ್ನದೊಂದು ಸಲಹೆ. ಯುಗಾದಿಗೂ ದೀಪಾವಳಿಗೂ ಸಿನಿಮಾ ಹಾಡಿನ ಡ್ಯಾನ್ಸುಗಳ ನಡುವೆ ಇಪ್ಪತ್ತು ನಿಮಿಷ ಬಿಡಿ. ಇಲ್ಲಿಯ ಒಂದು ಮನೆ, ನಾಲ್ಕೇ ಪಾತ್ರ. ಆರು ತಿಂಗಳ ವೀಸಾದಲ್ಲಿ ಬಂದ ಅಜ್ಜಿ, ಹೀಟಿಂಗ್ ಬಿಲ್ ನೋಡಿ ಬೆವರುವ ಅಪ್ಪ, ಯಾವ ಬಿನ್ ಯಾವ ವಾರ ಎಂದು ತಲೆ ಕೆಡಿಸಿಕೊಳ್ಳುವ ಅಮ್ಮ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಮಗಳು. ಪ್ರತಿ ಹಬ್ಬಕ್ಕೂ ಅದೇ ನಾಲ್ವರು, ಹೊಸ ಪೇಚು. ಮಕ್ಕಳೇ ಆಡಲಿ, ಸಾಧ್ಯವಾದರೆ ಅವರೇ ಬರೆಯಲಿ. ಭಾಷೆ ಬೆರಕೆಯಾದರೆ ಗಾಬರಿ ಬೇಡ. ಭೂವಿಜ್ಞಾನ ಓದಲು ಇದೇ ಲಂಡನ್ನಿಗೆ ಬಂದಿದ್ದ ಟಿ.ಪಿ. ಕೈಲಾಸಂ ಊರಿಗೆ ಮರಳಿ ನಾಟಕಗಳಲ್ಲಿ ಮಾಡಿದ್ದೂ ಅದನ್ನೇ: ಮನೆಗಳಲ್ಲಿ ಜನ ನಿಜವಾಗಿ ಆಡುತ್ತಿದ್ದ ಕನ್ನಡ-ಇಂಗ್ಲಿಷ್ ಬೆರಕೆಯನ್ನೇ ರಂಗದ ಮೇಲೆ ತಂದು ನಗಿಸಿದರು.

ಏನಂತೀರಿ? ಮುಂದಿನ ಹಬ್ಬಕ್ಕೆ ಅಜ್ಜಿಯ ಪಾತ್ರಕ್ಕೆ ಯಾರು ಸಿದ್ಧ? ಹೆಸರು ಕೊಡಿ, ಜಗಳ ಆಡುವುದಿದ್ದರೂ ಬರೆಯಿರಿ. ಕನ್ನಡದಲ್ಲೇ ಆಡೋಣ!